ಸ್ಪಾನ್‌ ಬಿಡುವ ಮುನ್ನ ನೀರಿನ ಉಷ್ಣಾಂಶ ಅಳೆಯಿರಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಭಾಗದ ಮೀನು ಸಾಕಣೆದಾರರು ಮರಿ ಸತ್ತಾಗ ಸಾಮಾನ್ಯವಾಗಿ ಮರಿ ಕೊಟ್ಟವರನ್ನು ದೂರುತ್ತಾರೆ. ಆದರೆ ಕಾಟ್ಲಾ, ರೋಹು, ಮೃಗಾಲ್‌ ಗೆಂಡೆಗಳ ಸ್ಪಾನ್‌ (ಮೊಟ್ಟೆಯೊಡೆದು ಮೂರು ದಿನವಾದ ಮರಿ) ಬಿಟ್ಟ ಒಂದೆರಡು ಗಂಟೆಯಲ್ಲೇ ಬಿಳಿಚಿಕೊಂಡು ಹೊಂಡದ ಅಂಚಿಗೆ ಸೇರಿದ್ದನ್ನು ನಾನು ಕಂಡ ಕಡೆಗಳಲ್ಲೆಲ್ಲ ತಪ್ಪು ನಡೆದದ್ದು ಮರಿ ತಂದ ಚೀಲ ಬಿಚ್ಚುವ ಹೊತ್ತಿನಲ್ಲಿ.

ಮೀನಿನ ಮೈಶಾಖ ನೀರಿನೊಂದಿಗೇ ಏರಿಳಿಯುತ್ತದೆ. ಈ ಗೆಂಡೆಗಳ ಮೊಟ್ಟೆ 27ರಿಂದ 30 ಡಿಗ್ರಿ ಸೆಲ್ಸಿಯಸ್‌ ನೀರಿನಲ್ಲಿ ಸುಮಾರು 14ರಿಂದ 18 ಗಂಟೆಗಳಲ್ಲಿ ಒಡೆಯುತ್ತದೆ. ನೀರು ತಣ್ಣಗಾದರೆ ತಡವಾಗುತ್ತದೆ, ಮೊಟ್ಟೆಗೆ ಬೂಷ್ಟು ಹಿಡಿಯುವ ಸಂಭವವೂ ಹೆಚ್ಚುತ್ತದೆ. ಅತಿ ಬಿಸಿಯಾದರೆ ಮರಿ ಬೇಗ ಹೊರಬಂದರೂ ದುರ್ಬಲವಾಗಿರುತ್ತದೆ, ಕೆಲವದರ ಬೆನ್ನೆಲುಬು ಸೊಟ್ಟಗಾಗಿರುತ್ತದೆ. ಸುಮಾರು 5 ಮಿಲಿಮೀಟರ್‌ ಉದ್ದದ ಆ ಮರಿ ಹೊಟ್ಟೆಯಡಿ ಅಂಟಿಕೊಂಡ ಆಹಾರದ ಚೀಲವನ್ನೇ ನಂಬಿ ಮೂರು ದಿನ ಬದುಕುತ್ತದೆ. ಶಾಖ ಏರಿದಂತೆ ಆ ಚೀಲ ಬೇಗ ಕರಗುತ್ತದೆ ಮತ್ತು ಉಸಿರಾಟದ ಅಗತ್ಯ ಹೆಚ್ಚುತ್ತದೆ. ಆದರೆ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ 25 ಡಿಗ್ರಿಯಲ್ಲಿ ಸುಮಾರು 8 ಮಿಲಿಗ್ರಾಂ ಇದ್ದದ್ದು 35 ಡಿಗ್ರಿಯಲ್ಲಿ 7ರ ಆಸುಪಾಸಿಗೆ ಇಳಿದಿರುತ್ತದೆ.

ಮೊದಲು ಗಾಜಿನ ಸಾದಾ ಥರ್ಮಾಮೀಟರ್‌ ಕೊಳ್ಳಿರಿ. ಜ್ವರ ನೋಡುವ ಥರ್ಮಾಮೀಟರ್‌ 35 ಡಿಗ್ರಿಗಿಂತ ಕೆಳಗಿನದನ್ನು ತೋರಿಸುವುದಿಲ್ಲ. ಗುರಿಯಿಟ್ಟು ಒತ್ತುವ ಬಂದೂಕಿನಾಕಾರದ ಯಂತ್ರ ನೀರಿನ ಮೇಲ್ಮೈಯನ್ನಷ್ಟೇ ಅಳೆಯುತ್ತದೆ, ಅದಕ್ಕೆ ದುಡ್ಡು ಹಾಕಬೇಡಿ. ಒಂದು ಅಡಿ ಆಳದಲ್ಲಿ ನಸುಕಿಗೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಅಳೆದು ಬರೆದಿಡಿ. ಹೊಂಡದಲ್ಲಿ ನಾಲ್ಕು ಅಡಿ ನೀರಿರಲಿ, ಏಕೆಂದರೆ ನಮ್ಮ ಬಿಸಿಲಿಗೆ ಎರಡಡಿ ನೀರು ಮಧ್ಯಾಹ್ನದೊಳಗೆ ಕಾದುಬಿಡುತ್ತದೆ. ಸಗಣಿ ಗೊಬ್ಬರ ಹಾಕಿ ಮರಿಗೆ ಆಹಾರವಾಗುವ ಸೂಕ್ಷ್ಮಜೀವಿಗಳನ್ನು ಮೊದಲೇ ಬೆಳೆಸಿಕೊಳ್ಳಿ. ಹೊಂಡಕ್ಕೆ ಬರುವ ವೇಳೆಗೆ ಮರಿಯ ಸ್ವಂತ ಬುತ್ತಿ ಬಹುತೇಕ ಮುಗಿದಿರುತ್ತದೆ.

ಇನ್ನು ಚೀಲ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್‌ ಚೀಲದಲ್ಲಿ ನೀರಿರುವುದು ಮೂರನೇ ಒಂದು ಭಾಗ ಮಾತ್ರ, ಆದ್ದರಿಂದ ಅದು ದಾರಿಯಲ್ಲಿ ಹೊಂಡಕ್ಕಿಂತ ಬಹಳ ಬೇಗ ಕಾಯುತ್ತದೆ; ಮಂಜುಗಡ್ಡೆಯ ಪಕ್ಕ ಇಟ್ಟು ತಂದಿದ್ದರೆ ತೀರ ತಣ್ಣಗಾಗಿರುತ್ತದೆ. ಎರಡೂ ಅಪಾಯವೇ. ಬೆಳಿಗ್ಗೆ ಎಂಟರೊಳಗೆ, ಚೀಲದ ಬಾಯಿ ಬಿಚ್ಚದೆ, ನೆರಳು ಬಿದ್ದ ಕಡೆ ಅರ್ಧ ಗಂಟೆ ತೇಲಬಿಡಿ. ಬಿಸಿಲಲ್ಲಿ ತೇಲಿಸಿದರೆ ಮುಚ್ಚಿದ ಚೀಲ ಇನ್ನಷ್ಟು ಕಾಯುತ್ತದೆ. ಆಮೇಲೆ ಬಾಯಿ ಬಿಚ್ಚಿ ಒಳಗೂ ಹೊರಗೂ ಅಳೆಯಿರಿ. ವ್ಯತ್ಯಾಸ ಎರಡು ಡಿಗ್ರಿ ದಾಟಿದ್ದರೆ ಮರಿ ಬಿಡಲೇಬಾರದು. ಹೊಂಡದ ನೀರನ್ನು ಒಂದು ತಂಬಿಗೆ ಚೀಲಕ್ಕೆ ಹಾಕಿ ಐದು ನಿಮಿಷ ಕಾಯಿರಿ, ಮತ್ತೊಂದು ಹಾಕಿ. ಒಳಗಿನ ನೀರು ದುಪ್ಪಟ್ಟಾಗುವವರೆಗೂ ಹೀಗೆಯೇ ಮಾಡಿ. ಉಷ್ಣಾಂಶ ಸರಿಹೋದರೂ ಸವಳು ನೆಲದ ನೀರಿನ ಉಪ್ಪಿನಂಶಕ್ಕೆ ಮರಿ ಹೊಂದಿಕೊಳ್ಳಬೇಕಾಗಿರುವುದರಿಂದ ಈ ತಾಳ್ಮೆ ಅಗತ್ಯ. ಬೇಗ ಮುಗಿಸಲು ಬೋರ್‌ವೆಲ್‌ ನೀರನ್ನು ನೇರವಾಗಿ ಚೀಲಕ್ಕೆ ಸುರಿಯುವವರಿದ್ದಾರೆ. ಆಗ ತಾನೇ ಮೇಲೆ ಬಂದ ಆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಕೊನೆಗೆ ಚೀಲದ ಬಾಯಿಯನ್ನು ನೀರಿನೊಳಗೆ ಬಾಗಿಸಿ ಹಿಡಿಯಿರಿ. ಕಣ್ಣೆಂಬ ಎರಡು ಕಪ್ಪು ಚುಕ್ಕೆಗಳಷ್ಟೇ ಎದ್ದು ಕಾಣುವ ಮರಿಗಳು ತಾವಾಗಿ ಈಜಿ ಹೋಗಬೇಕು; ಎತ್ತರದಿಂದ ಸುರಿಯಬೇಡಿ.

ಮರುದಿನದಿಂದ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ನುಣ್ಣಗೆ ಪುಡಿಮಾಡಿ, ಬಟ್ಟೆಯಲ್ಲಿ ಸೋಸಿ ಎರಚಿರಿ. ಮರಿ ಬೇಗ ಬೆಳೆಯುತ್ತದೆಂದು ಮಾರುವ ಟಾನಿಕ್‌ ಬಾಟಲಿಗಳಿಗಿಂತ ಇದೇ ಮೇಲು. ಮಧ್ಯಾಹ್ನದ ನೀರು 33 ಡಿಗ್ರಿ ದಾಟಿದ ದಿನ ಸಂಜೆಯ ಆಹಾರ ಕಡಿಮೆ ಮಾಡಿ. ಮರುದಿನ ನಸುಕಿನಲ್ಲಿ ಮರಿಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಆಹಾರ ಪೂರ್ತಿ ನಿಲ್ಲಿಸಿ ಏರೇಟರ್‌ (ನೀರಿಗೆ ಗಾಳಿ ಬೆರೆಸುವ ಯಂತ್ರ) ಹಚ್ಚಿರಿ. ಅದಿಲ್ಲದಿದ್ದರೆ ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ತುಂತುರಾಗಿ ಬೀಳುವಂತೆ ಮಾಡಿರಿ.