42ರಲ್ಲಿ ನನ್ನದೇ ಎಗ್‌ನಿಂದ ಬಸುರಾದೆ: ನನ್ನ ಅನುಭವ

ವಯಸ್ಸು 41, ಎಎಂಎಚ್ (ಎಷ್ಟು ಎಗ್ ಉಳಿದಿವೆ ಎಂದು ಅಂದಾಜು ಕೊಡುವ ರಕ್ತಪರೀಕ್ಷೆ) 0.6, ಅಂದರೆ ಕಡಿಮೆ. ರಿಪೋರ್ಟ್ ನೋಡಿದ ಕೂಡಲೇ ಇಬ್ಬರು ಡಾಕ್ಟರು 'ಡೋನರ್ ಎಗ್ ತಗೊಳ್ಳಿ', ಅಂದರೆ ಬೇರೆ ಹೆಂಗಸಿನ ಅಂಡಾಣು, ಅಂದರು. ಅತ್ತೆಗೂ ಅದೇ ಸರಿ ಅನ್ನಿಸಿತ್ತು. ಈಗ ನನ್ನದೇ ಎಗ್‌ನಿಂದ ಹುಟ್ಟಿದ ಮಗಳಿಗೆ ಏಳು ತಿಂಗಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಐವಿಎಫ್‌ನಲ್ಲಿ ಎಗ್ ಬೆಳೆಸಲು ದಿನಕ್ಕೆ 450 ಯೂನಿಟ್ ಇಂಜೆಕ್ಷನ್. ಬಂದದ್ದು ಮೂರು ಎಗ್, ಆದದ್ದು ಒಂದು ಎಂಬ್ರಿಯೋ (ಭ್ರೂಣ). ಮೂರನೇ ದಿನವೇ ಗರ್ಭಕ್ಕೆ ಟ್ರಾನ್ಸ್‌ಫರ್ ಮಾಡಿದರು. ಬೀಟಾ (ಬಸುರಿನ ರಕ್ತಪರೀಕ್ಷೆ) ನೆಗೆಟಿವ್. ಎರಡು ಲಕ್ಷದ ಹತ್ತಿರ ಹೋಯಿತು.

ಎರಡನೆಯದು ನಮ್ಮ ತಪ್ಪಿನಿಂದಲೇ ಕೆಟ್ಟಿತು. ರಾತ್ರಿ 10ಕ್ಕೆ ಸರಿಯಾಗಿ, ಎಗ್ ಬಲಿಯಲು ಕೊಡುವ ಟ್ರಿಗರ್ ಇಂಜೆಕ್ಷನ್ ಹಾಕಿಕೊಳ್ಳಬೇಕಿತ್ತು. ನಮ್ಮವರು ಬೆಂಗಳೂರಿನಿಂದ ಅದನ್ನು ಐಸ್ ಡಬ್ಬಿಯಲ್ಲಿ ತರುತ್ತಿದ್ದರು. ರೈಲು ತಡವಾಗಿ ದಾವಣಗೆರೆಗೆ ಬಂತು. ಹಾಕಿದಾಗ ಹನ್ನೆರಡೂವರೆ. ಬೈತಾರೆ ಅಂತ ಹೆದರಿ ಆಸ್ಪತ್ರೆಗೆ ಹೇಳಲಿಲ್ಲ. ಪಿಕಪ್ (ಎಗ್ ಹೊರತೆಗೆಯುವುದು) ಹಳೇ ಸಮಯಕ್ಕೇ ಆಯಿತು. ಐದು ಎಗ್‌ನಲ್ಲಿ ಬಲಿತದ್ದು ಒಂದೇ, ಅದೂ ಫರ್ಟಿಲೈಸ್ ಆಗಲಿಲ್ಲ. ಒಂದು ಫೋನ್ ಮಾಡಿದ್ದರೆ ಪಿಕಪ್ ಅಷ್ಟೇ ಹೊತ್ತು ಮುಂದೆ ಹಾಕುತ್ತಿದ್ದರು, ಅಲ್ವಾ? ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಆಸ್ಪತ್ರೆ ಬದಲಿಸಿ, ನಾನೇ ಹಠ ಹಿಡಿದೆ. ಎಗ್ ಬೆಳೆಸುವ ಲೆಟ್ರೋಜೋಲ್ ಮಾತ್ರೆ ಜೊತೆ 150 ಯೂನಿಟ್ ಇಂಜೆಕ್ಷನ್ ಅಷ್ಟೇ. ಪ್ರತಿ ಸಲ ಎರಡೋ ಮೂರೋ ಎಗ್. ಐದನೇ ದಿನದವರೆಗೆ ಬೆಳೆಸಿ ಫ್ರೀಜ್. ಹೀಗೆ ನಾಲ್ಕು ಪಿಕಪ್, ಸುಮಾರು ಹತ್ತು ತಿಂಗಳು. ಒಂದೂ ಟ್ರಾನ್ಸ್‌ಫರ್ ಇಲ್ಲ. 'ಸುಮ್ನೆ ದುಡ್ಡು ಸುರೀತಿದ್ದೀರಿ' ಎಂದು ಅಲ್ಲಿನ ಕೌನ್ಸೆಲರ್ ಕೂಡ ಹೇಳಿದರು. ಕೊನೆಗೆ ಕೈಗೆ ಬಂದದ್ದು ಮೂರು ಬ್ಲಾಸ್ಟೋಸಿಸ್ಟ್ (ಐದನೇ ದಿನದ ಎಂಬ್ರಿಯೋ). ಪಿಜಿಟಿ (ಎಂಬ್ರಿಯೋದ ಕ್ರೋಮೋಸೋಮ್ ಪರೀಕ್ಷೆ) ಮಾಡಿಸಿದೆವು. ನಾರ್ಮಲ್ ಬಂದದ್ದು ಒಂದೇ. ಆ ಒಂದೇ ನನ್ನ ಮಗಳು.

ಮಧ್ಯೆ ಏನೇನೋ ಮಾಡಿ ನೋಡಿದೆ. ಡಿಎಚ್‌ಇಎ (ಹಾರ್ಮೋನ್ ಮಾತ್ರೆ) ನುಂಗಿ ಮುಖದ ತುಂಬ ಮೊಡವೆ, ಎಎಂಎಚ್ ಅಲ್ಲೇ ಇತ್ತು. ನಿಜವಾಗಿ ಬದಲಾದದ್ದು ನಮ್ಮವರ ರಿಪೋರ್ಟ್. ಗುಟ್ಕಾ ಬಿಟ್ಟ ಮೂರು ತಿಂಗಳಿಗೆ ಡಿಎಫ್‌ಐ (ವೀರ್ಯಾಣುವಿನ ಡಿಎನ್‌ಎ ಹಾನಿಯ ಪ್ರಮಾಣ) ಶೇಕಡಾ 38ರಿಂದ 22ರ ಆಸುಪಾಸಿಗೆ ಇಳಿಯಿತು. ಇಂಜೆಕ್ಷನ್‌ಗಳನ್ನು ನಾನೇ ಹಾಕಿಕೊಂಡೆ, ನೂರರ ಹತ್ತಿರ. ಒಂದೂ ಡೋಸ್ ತಪ್ಪಿಲ್ಲ. ಪಿಕಪ್‌ಗೆ ಮುಂಚಿನ ತಿಂಗಳು ತಗೊಂಡ ಎರಡು ಮಾತ್ರೆಗಳ ಹೆಸರು ಮಾತ್ರ ಬರೆಯುವುದಿಲ್ಲ. ಯಾರಾದರೂ ಡಾಕ್ಟರನ್ನು ಕೇಳದೇ ನುಂಗಿಬಿಟ್ಟಾರು ಅನ್ನೋ ಭಯ ನನಗೆ.

'ಈ ವಯಸ್ಸಿಗೆ ಬೇಕಿತ್ತಾ' ಅಂದವರೂ ಇದ್ದರು. ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಇರುವ 2021ರ ಎಆರ್‌ಟಿ ಕಾಯ್ದೆಯೇ ಹೆಣ್ಣಿಗೆ 50 ವರ್ಷದವರೆಗೆ ಅವಕಾಶ ಕೊಟ್ಟಿದೆ.

ಒಟ್ಟು ಒಂಬತ್ತು ಲಕ್ಷ ದಾಟಿರಬೇಕು. ಚೀಟಿ ಎತ್ತಿದ್ದು ನಾಲ್ಕು ಲಕ್ಷ, ಉಳಿದದ್ದು ಬಂಗಾರ ಅಡವಿಟ್ಟದ್ದು. ಬಳೆ ಇನ್ನೂ ಬ್ಯಾಂಕಿನಲ್ಲೇ ಇವೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಮುಂಚೆ ತಾವೇ ಬಿಡಿಸಿಕೊಡುವುದಾಗಿ ಅತ್ತೆ ಹೇಳಿದ್ದಾರೆ.