ಕ್ಯಾರವಾನಿನ ವಿದ್ಯುತ್ ಸುರಕ್ಷತೆ: ನಿಯಮ ಪಾಲಿಸುವುದು ಹೇಗೆ?

ಮನೆ ನೆಲದಲ್ಲಿ ಬೇರೂರಿದೆ, ಕ್ಯಾರವಾನ್ ಎಂಬ ಗಾಲಿಮನೆ ರಬ್ಬರ್ ಟೈರುಗಳ ಮೇಲೆ ನಿಂತಿದೆ. ಅದರ ವಿದ್ಯುತ್ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಈ ವ್ಯತ್ಯಾಸದಿಂದಲೇ. ಒಳಗಿನ ತಂತಿಯೊಂದರ ಹೊದಿಕೆ ಸವೆದು ಲೋಹದ ಚೌಕಟ್ಟಿಗೆ ತಾಗಿದಾಗ ಅರ್ತ್ ತಂತಿ ತುಂಡಾಗಿದ್ದರೆ, ವಾಹನದ ಇಡೀ ಮೈಯಲ್ಲಿ ವಿದ್ಯುತ್ ಸದ್ದಿಲ್ಲದೆ ನಿಂತಿರುತ್ತದೆ. ಒಳಗೆ ಕುಳಿತವರಿಗೆ ಏನೂ ತಿಳಿಯುವುದಿಲ್ಲ. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲಿನ ಹಿಡಿಗೆ ಕೈ ಹಾಕಿದವರ ದೇಹವೇ ಅದಕ್ಕೆ ನೆಲ ಸೇರುವ ದಾರಿಯಾಗುತ್ತದೆ.

ಐಇಸಿ 60364 ಎಂಬ ಅಂತರರಾಷ್ಟ್ರೀಯ ಮಾನಕದ 721ನೇ ವಿಭಾಗವು ಕ್ಯಾರವಾನಿನ ಒಳಗಿನ ವೈರಿಂಗಿಗೆ, 708ನೇ ವಿಭಾಗವು ಕ್ಯಾರವಾನುಗಳು ನಿಲ್ಲುವ ತಂಗುದಾಣದ ವಿದ್ಯುತ್ ಸಂಪರ್ಕಕ್ಕೆ ಸಂಬಂಧಿಸಿವೆ. ವೈರಿಂಗ್ ತಪಾಸಣೆಯ ನಂತರ ಕೊಡುವ ಪ್ರಮಾಣಪತ್ರದ ಅವಧಿ ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಅದನ್ನು ಸ್ಥಳೀಯವಾಗಿಯೇ ವಿಚಾರಿಸಿಕೊಳ್ಳಬೇಕು.

ಪರಿಶೀಲನೆಯನ್ನು ತಂಗುದಾಣದ ಕಂಬದಿಂದ ವಾಹನಕ್ಕೆ ವಿದ್ಯುತ್ ತರುವ ಕೇಬಲಿನಿಂದ ಆರಂಭಿಸಿ. 230 ವೋಲ್ಟ್, 16 ಆಂಪಿಯರ್ ಸಂಪರ್ಕಕ್ಕೆ 2.5 ಚದರ ಮಿಲಿಮೀಟರಿನ ಮೂರು ತಂತಿಗಳ ಕೇಬಲ್ ಬೇಕು. ಅದರ ವಾಡಿಕೆಯ ಉದ್ದ 25 ಮೀಟರ್. ಸಂಪರ್ಕ ಕೊಡುವ ಮೊದಲೇ ಅದನ್ನು ತುದಿಯಿಂದ ತುದಿಯವರೆಗೆ ಬೆರಳುಗಳ ನಡುವೆ ಎಳೆಯುತ್ತಾ ಬನ್ನಿ, ಸೀಳು ಕಣ್ಣು ತಪ್ಪಿದರೂ ಬೆರಳಿಗೆ ಸಿಗುತ್ತದೆ. ಪ್ಲಗ್ಗಿನ ಪಿನ್ ಸುತ್ತ ಪ್ಲಾಸ್ಟಿಕ್ ಕಂದುಗಟ್ಟಿದ್ದರೆ ಒಳಗಿನ ಸ್ಕ್ರೂ ಸಡಿಲಗೊಂಡು ಬಿಸಿಯಾಗಿರುವ ಸಾಧ್ಯತೆ ಹೆಚ್ಚು. ಕೇಬಲನ್ನು ಸುರುಳಿಯಿಂದ ಪೂರ್ತಿ ಬಿಚ್ಚಿಯೇ ಬಳಸಬೇಕು, ಏಕೆಂದರೆ ಸುತ್ತಿಟ್ಟ ಕೇಬಲಿನ ಶಾಖಕ್ಕೆ ಹೊರಹೋಗಲು ಎಡೆಯಿರುವುದಿಲ್ಲ.

ವಾಹನದೊಳಗೆ 30 ಮಿಲಿಆಂಪಿಯರಿನ ಆರ್‌ಸಿಡಿ (ವಿದ್ಯುತ್ ಸೋರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸಾಧನ) ಇರಬೇಕು, ಮತ್ತು ಎಂಸಿಬಿಗಳು (ವಿದ್ಯುತ್ ಮಿತಿಮೀರಿ ಹರಿದರೆ ಬೀಳುವ ಸ್ವಿಚ್‌ಗಳು) ಫೇಸ್ ಹಾಗೂ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವಂಥವಾಗಿರಬೇಕು. ಕೆಲವು ತಂಗುದಾಣಗಳ ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದುಂಟು. ಆಗ ಒಂದೇ ತಂತಿಯನ್ನು ಕಡಿಯುವ ಸ್ವಿಚ್ ಆರಿಸಿದರೂ ಉಪಕರಣದೊಳಗೆ ವಿದ್ಯುತ್ ಉಳಿದಿರುತ್ತದೆ. ಚಾಸಿ (ವಾಹನದ ಲೋಹದ ಅಡಿಚೌಕಟ್ಟು), ಲೋಹದ ನೀರಿನ ಕೊಳವೆ ಮತ್ತು ಗ್ಯಾಸ್ ಕೊಳವೆಗಳನ್ನು ಅರ್ತ್‌ಗೆ ಜೋಡಿಸಿರಬೇಕು. ರಸ್ತೆಯ ಕುಲುಕಾಟಕ್ಕೆ ಒಂಟಿ ಗಟ್ಟಿತಂತಿ ಮುರಿಯುವುದರಿಂದ ಒಳಗಿನ ವೈರಿಂಗಿಗೆ ಕನಿಷ್ಠ ಏಳು ಎಳೆಗಳ ತಂತಿ ಕಡ್ಡಾಯ. ಗಟ್ಟಿ ಕೊಳವೆಯೊಳಗಿಲ್ಲದ ಕೇಬಲಿಗೆ ಅಡ್ಡಲಾಗಿ 25, ಲಂಬವಾಗಿ 40 ಸೆಂಟಿಮೀಟರಿಗೊಂದು ಹಿಡಿಕೆ ಇರಬೇಕು.

ಇನ್ನು ಸಂಪರ್ಕ ಕೊಡುವ ಕ್ರಮ. ವಾಹನದ ಮುಖ್ಯ ಸ್ವಿಚ್ ಆರಿಸಿ, ಕೇಬಲನ್ನು ಮೊದಲು ವಾಹನಕ್ಕೆ, ಆಮೇಲೆ ಕಂಬದ ಸಾಕೆಟ್ಟಿಗೆ ಸಿಕ್ಕಿಸಿ, ಅನಂತರ ಮುಖ್ಯ ಸ್ವಿಚ್ ಹಾಕಿ ಆರ್‌ಸಿಡಿಯ ಪರೀಕ್ಷಾ ಗುಂಡಿ ಒತ್ತಿ. ಅದು ತಟ್ಟನೆ ಬೀಳದಿದ್ದರೆ ಆ ಸಂಪರ್ಕವನ್ನು ಬಳಸಲೇಬಾರದು. ಹೊರಡುವಾಗ ಮುಖ್ಯ ಸ್ವಿಚ್ ಆರಿಸಿ ಕಂಬದ ಕಡೆಯ ತುದಿಯನ್ನೇ ಮೊದಲು ಕಳಚಬೇಕು. ವಾಹನದ ಕಡೆ ಪಿನ್‌ಗಳನ್ನೂ ಅದಕ್ಕೆ ಸೇರುವ ಕೇಬಲಿನ ತುದಿಯಲ್ಲಿ ರಂಧ್ರಗಳನ್ನೂ ಇಟ್ಟಿರುವುದು ವಿದ್ಯುತ್ ಇರುವ ಪಿನ್ ಎಂದೂ ಬಯಲಿಗೆ ಬರಬಾರದೆಂದು. ಆದ್ದರಿಂದ ಎರಡೂ ತುದಿಗೆ ಪಿನ್ ಇರುವ ಕೇಬಲನ್ನು ಯಾರೇ ಮಾಡಿಕೊಟ್ಟರೂ ಮುಟ್ಟಬೇಡಿ.

ಜನರೇಟರ್ ಬಳಸುವವರು ಇನ್ನೂ ಎಚ್ಚರವಹಿಸಬೇಕು. ಅದರ ನ್ಯೂಟ್ರಲ್ ಅರ್ತ್‌ಗೆ ಜೋಡಣೆಯಾಗಿರದಿದ್ದರೆ ಸೋರಿದ ವಿದ್ಯುತ್ ಮರಳುವ ದಾರಿಯಿಲ್ಲದೆ ಆರ್‌ಸಿಡಿ ಬೀಳದೇ ಹೋಗಬಹುದು. ಈ ಜೋಡಣೆ ಅರ್ಹ ಎಲೆಕ್ಟ್ರಿಷಿಯನ್ ಕೆಲಸ, ಸ್ವಂತ ಪ್ರಯೋಗದ್ದಲ್ಲ.

ಕೊನೆಯದು, ಬಹಳ ಮಂದಿ ತಪ್ಪಾಗಿ ತಿಳಿದಿರುವ ಸಂಗತಿ. ಪರೀಕ್ಷಾ ಗುಂಡಿ ಆರ್‌ಸಿಡಿಯ ಒಳಯಂತ್ರ ಕೆಲಸ ಮಾಡುತ್ತಿದೆಯೆಂದು ಮಾತ್ರ ತೋರಿಸುತ್ತದೆ. ಅರ್ತ್ ತಂತಿ ತುಂಡಾಗಿದ್ದರೂ ಗುಂಡಿ ಒತ್ತಿದಾಗ ಅದು ಬೀಳುತ್ತದೆ. ಆದ್ದರಿಂದ ನಿಯತಕಾಲಿಕ ತಪಾಸಣೆಗೆ ಬಂದ ಎಲೆಕ್ಟ್ರಿಷಿಯನ್, ಪ್ಲಗ್ಗಿನ ಅರ್ತ್ ಪಿನ್ನಿನಿಂದ ಚಾಸಿಯವರೆಗಿನ ರೋಧವನ್ನು ಮೀಟರಿನಿಂದ ಅಳೆದು, ಆ ಅಂಕಿಯನ್ನು ವರದಿಯಲ್ಲಿ ಬರೆದಿದ್ದಾರೆಯೇ ಎಂದು ನೋಡಿಕೊಂಡೇ ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಳ್ಳಿ.