ಪೋಲಿ ಹಾಡು, ಗಂಭೀರ ಮುಖ

ನಮ್ಮದು ಬೆಂಗಳೂರಿನ ಒಂದು ಚಿಕ್ಕ ಬ್ಲೂಸ್ ಬ್ಯಾಂಡ್. ವಾರವಿಡೀ ಎಲ್ಲರಿಗೂ ಬೇರೆ ಬೇರೆ ಕೆಲಸ. ಶನಿವಾರ ರಾತ್ರಿ ಯಾವುದಾದರೂ ಪಬ್ಬಿನಲ್ಲಿ ಹಾಡುತ್ತೇವೆ. ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ದನಿ ದಪ್ಪ ಇರುವುದರಿಂದ ಅರ್ಧ ಹಾಡು ನನ್ನ ಪಾಲಿಗೇ ಬರುತ್ತದೆ. ಕೆಲವು ವರ್ಷಗಳ ಹಿಂದೆ ನಾವು ಅಮೆರಿಕದ ಕರಿಯರ ಹಳೆಯ ಕುಣಿತದ ಸಂಗೀತವಾದ ರಿದಮ್ ಅಂಡ್ ಬ್ಲೂಸ್ ಹಾಡುಗಳದ್ದೇ ಒಂದು ಸೆಟ್ ಕಟ್ಟಿದೆವು. 1940ರ ದಶಕದ ಕೊನೆಯಿಂದ 1955ರವರೆಗಿನವು. ಅದರಲ್ಲೂ ಪೋಲಿ ಹಾಡುಗಳು. ರೇಡಿಯೋದವರು ಹಾಕಲ್ಲ ಅಂದವು, ಪತ್ರಿಕೆಗಳು ಬೈದವು. ಇದನ್ನು ಹೇಗೆ ಹಾಡೋದು ಅಂತ ಹೊಸ ಹುಡುಗರು ಆಗಾಗ ಕೇಳುತ್ತಾರೆ. ನಾವು ಮಾಡಿದ ರೀತಿ ಬರೆಯುತ್ತೇನೆ.

ಮೊದಲು ಕೈಗೆತ್ತಿಕೊಂಡಿದ್ದು ಡಾಮಿನೋಸ್ ಗುಂಪಿನ ‘ಸಿಕ್ಸ್ಟಿ ಮಿನಿಟ್ ಮ್ಯಾನ್’. 1951ರಲ್ಲಿ ಫೆಡರಲ್ ಅನ್ನುವ ರೆಕಾರ್ಡ್ ಕಂಪನಿ ತಂದ ಹಾಡು. ಗುಂಪಿನ ಯಜಮಾನ ಬಿಲ್ಲಿ ವಾರ್ಡ್ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಕಲಿತವರು, ಶಿಸ್ತಿನ ಮನುಷ್ಯ. ಎತ್ತರದ ದನಿಗೆ ಹೆಸರಾದ ಕ್ಲೈಡ್ ಮ್ಯಾಕ್‌ಫ್ಯಾಟರ್ ಆಗ ಇದೇ ಗುಂಪಿನಲ್ಲಿದ್ದರು. ಆದರೂ ಹಾಡು ಹೋಗಿದ್ದು ತಗ್ಗು ದನಿಯ ಬಿಲ್ ಬ್ರೌನ್‌ಗೆ. ಹಾಡಿನ ನಾಯಕ ಡ್ಯಾನ್ ತನ್ನ ಒಂದು ಗಂಟೆಯನ್ನು 15 ನಿಮಿಷದ ನಾಲ್ಕು ಭಾಗ ಮಾಡಿ, ಯಾವ ಭಾಗದಲ್ಲಿ ಏನೇನು ಅಂತ ವಿವರಿಸುತ್ತಾನೆ. ಬ್ರೌನ್ ಅದನ್ನು ಹಾಡಿರುವ ಧಾಟಿ ಇದೆಯಲ್ಲ, ಬಟ್ಟೆ ಅಂಗಡಿಯವನು ಒಂದೊಂದೇ ಮಡಿಕೆ ಬಿಚ್ಚಿ ರೇಟು ಹೇಳಿದ ಹಾಗೆ. ಎಲ್ಲೂ ಅವಸರವಿಲ್ಲ, ನಗು ಇಲ್ಲ. ಹಾಡು ರಿದಮ್ ಅಂಡ್ ಬ್ಲೂಸ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಪಾಪ್ ಪಟ್ಟಿಯಲ್ಲೂ 17ನೇ ಸ್ಥಾನದವರೆಗೆ ಹೋಯಿತು. ಕರಿಯರ ಗುಂಪೊಂದು ಹಾಡಿದ ಇಂಥ ಹಾಡು ಬಿಳಿಯರ ಪಟ್ಟಿಗೆ ದಾಟುವುದು ಆಗ ಸಣ್ಣ ಮಾತಲ್ಲ.

ಈ ಹಾಡುಗಳನ್ನು ಹಾಡುವವನು ಕಣ್ಣು ಹೊಡೆಯಬಾರದು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಪ್ರತಿ ಒಳ್ಳೆಯ ಪೋಲಿ ಹಾಡಿಗೂ ಒಂದು ನೆಪ ಇರುತ್ತದೆ. ಹಲ್ಲಿನ ಡಾಕ್ಟರು, ಬೆಣ್ಣೆ, ವಾದ್ಯ, ಗ್ರಾಮಫೋನ್ ಪ್ಲೇಟು, ಏನೋ ಒಂದು. ಹಾಡುವವನು ಆ ನೆಪವನ್ನು ಪೂರ್ತಿ ನಂಬಬೇಕು. ಇನ್ನೊಂದು ಅರ್ಥ ಕೇಳುವವರ ತಲೆಯಲ್ಲಿ ಹುಟ್ಟಬೇಕು, ತಪ್ಪು ಅವರದೇ ಅನ್ನಿಸಬೇಕು. ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ ಬಿಡಿ.

ವೈನೋನಿ ಹ್ಯಾರಿಸ್ 1952ರಲ್ಲಿ ಹಾಡಿದ ‘ಕೀಪ್ ಆನ್ ಚರ್ನಿನ್’ ನಮಗೆ ಸುಲಭವಾಗಿ ದಕ್ಕಿತು. ಬೆಣ್ಣೆ ಬರುವ ತನಕ ಕಡೆಯುತ್ತಿರು ಅನ್ನುವ ಹಾಡು. ಮಜ್ಜಿಗೆ ಕಡೆಯೋದು ನೋಡಿದ ಜನರ ಮುಂದೆ ವಿವರಣೆ ಯಾಕೆ? ಇಲ್ಲಿ ಎಲ್ಲಾ ಕೆಲಸ ಡ್ರಮ್ಮರ್‌ದು. ಷಫಲ್ ತಾಳ, ಅಂದರೆ ಒಂದು ಉದ್ದ ಒಂದು ಗಿಡ್ಡ ಪೆಟ್ಟಿನ ಓಲಾಟದ ತಾಳ, ಸ್ವಲ್ಪವೂ ಓಡಬಾರದು. ಓಡಿದರೆ ತಮಾಷೆ ಹೋಗಿ ಬರೀ ಗದ್ದಲ ಉಳಿಯುತ್ತದೆ.

ಬುಲ್ ಮೂಸ್ ಜ್ಯಾಕ್ಸನ್ ಅವರ ‘ಬಿಗ್ ಟೆನ್ ಇಂಚ್ ರೆಕಾರ್ಡ್’ ಕಷ್ಟ ಕೊಟ್ಟಿತು. ಅದೂ 1952ರದ್ದೇ. ಆಗಿನ 78 ಆರ್‌ಪಿಎಂ ಪ್ಲೇಟುಗಳ ಅಡ್ಡಳತೆ ಸಾಮಾನ್ಯವಾಗಿ 10 ಇಂಚು. ಹಾಡು ‘ಹತ್ತು ಇಂಚಿನ’ ಅಂತ ಹೇಳಿ ಅಲ್ಲೇ ನಿಲ್ಲುತ್ತದೆ. ಒಂದು ಗಳಿಗೆ ಬಿಟ್ಟು ‘ರೆಕಾರ್ಡ್’ ಅನ್ನುತ್ತದೆ. ಅಷ್ಟೇ ಹಾಡು! ಆದರೆ ಇವತ್ತಿನ ಹುಡುಗರಿಗೆ ಗೊತ್ತಿರುವುದು 12 ಇಂಚಿನ ಎಲ್‌ಪಿ. ನೆಪವೇ ಗೊತ್ತಿಲ್ಲದಿದ್ದರೆ ಹಾಡು ಬರೀ ಅಶ್ಲೀಲ ಆಗುತ್ತದೆ, ಡಬಲ್ ಮೀನಿಂಗ್‌ನಲ್ಲಿ ಒಂದೇ ಮೀನಿಂಗ್ ಉಳಿಯುತ್ತದೆ. ಹಾಗಾಗಿ ನಾನು ಮನೆಯಲ್ಲಿದ್ದ ಹಳೆಯ ಕಪ್ಪು ಪ್ಲೇಟೊಂದನ್ನು ತಂದು ಮೈಕ್ ಪಕ್ಕದ ಸ್ಟ್ಯಾಂಡಿನ ಮೇಲೆ ಇಡುತ್ತೇನೆ. ನಮ್ಮ ನಾಟಕದ ಹಾಡುಗಳ ಪ್ಲೇಟುಗಳೂ ಬಹುಪಾಲು ಇದೇ ಅಳತೆಯವು. ಅದರ ಬಗ್ಗೆ ಮಾತಾಡುವುದಿಲ್ಲ, ಸುಮ್ನೆ ಇಡುತ್ತೇನೆ. ಎರಡನೇ ಸಲ ಆ ಸಾಲು ಬಂದಾಗ ಯಾರಾದರೂ ಪ್ಲೇಟಿನ ಕಡೆ ನೋಡೇ ನೋಡುತ್ತಾರೆ, ಅಲ್ಲಿಂದ ನಗು ಶುರುವಾಗುತ್ತದೆ. ನಿಲ್ಲಿಸುವ ಗಳಿಗೆ ಎಷ್ಟಿರಬೇಕು ಅನ್ನುವುದನ್ನು ಎಣಿಸಿ ಹೇಳೋಕೆ ಆಗಲ್ಲ. ಜನ ಬಾಯಿಬಿಟ್ಟು ಪೂರ್ತಿ ಮಾಡುವ ಮೊದಲು ಮುಂದಿನ ಮಾತು ಬೀಳಬೇಕು.

ಹೆಂಗಸರ ಹಾಡುಗಳನ್ನು ನಮ್ಮ ಗಾಯಕಿಯೇ ಆರಿಸಿದ್ದು. ನನ್ನ ಲೆಕ್ಕದಲ್ಲಿ ಸೆಟ್ಟಿನಲ್ಲಿ ಗೆಲ್ಲುವುದೂ ಅವೇ. ಕ್ಯಾನ್ಸಸ್ ಸಿಟಿಯ ಜೂಲಿಯಾ ಲೀ 1948ರಲ್ಲಿ ‘ಕಿಂಗ್ ಸೈಜ್ ಪಾಪಾ’ ಹಾಡಿ 9 ವಾರ ಮೊದಲ ಸ್ಥಾನದಲ್ಲಿದ್ದರು. ಡೈನಾ ವಾಷಿಂಗ್ಟನ್ ಅದೇ ಸುಮಾರಿಗೆ ‘ಲಾಂಗ್ ಜಾನ್ ಬ್ಲೂಸ್’ ಹಾಡಿದರು. ಎತ್ತರದ ಆಳಾದ ಹಲ್ಲಿನ ಡಾಕ್ಟರು, ಅವನ ಡ್ರಿಲ್ಲು, ಮತ್ತೆ ಮತ್ತೆ ಹೋಗಬೇಕೆನ್ನುವ ರೋಗಿ. 1954ರ ‘ಬಿಗ್ ಲಾಂಗ್ ಸ್ಲೈಡಿಂಗ್ ಥಿಂಗ್’ ಹಾಡಿನಲ್ಲಿ ಅವರು ಹುಡುಕುವುದು ತನ್ನ ಟ್ರೊಂಬೋನ್ ವಾದಕನನ್ನು. ಟ್ರೊಂಬೋನ್ ಅಂದರೆ ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಊದುವ ಹಿತ್ತಾಳೆ ವಾದ್ಯ. ನಡುವೆ ಒಬ್ಬ ಗಿಟಾರ್‌ನವನು ಆಂಪ್ಲಿಫೈಯರ್ ಹೊತ್ತು ಬಂದು ಸೋತು ಹೋಗುತ್ತಾನೆ. ನಮ್ಮಲ್ಲಿ ಟ್ರೊಂಬೋನ್ ಇಲ್ಲ, ಗಿಟಾರ್‌ನವನು ಮಾತ್ರ ಪಕ್ಕದಲ್ಲೇ ನಿಂತಿರುತ್ತಾನೆ. ಆ ಸಾಲು ಬಂದಾಗ ಅವನು ತಲೆ ತಗ್ಗಿಸಿ ತಂತಿ ಶ್ರುತಿ ಮಾಡಿಕೊಳ್ಳುತ್ತಾನೆ. ಇದನ್ನು ನಾವು ಹೇಳಿಕೊಟ್ಟಿಲ್ಲ!

ಲೂಸಿಲ್ ಬೋಗನ್ 1935ರಲ್ಲಿ ಹಾಡಿದ ‘ಶೇವ್ ಎಮ್ ಡ್ರೈ’ ಹಾಡನ್ನು ಸೇರಿಸಿಲ್ಲ. ಅದಕ್ಕೆ ಎರಡು ರೂಪ ಇವೆ. ಒಂದು ಮಾರಾಟಕ್ಕೆ ಬಂತು, ಇನ್ನೊಂದನ್ನು ಆಗ ಹೊರಗೇ ಬಿಡಲಿಲ್ಲ. ಆ ಎರಡನೆಯದರಲ್ಲಿ ನೆಪವೇ ಇಲ್ಲ, ಎಲ್ಲಾ ನೇರ ಮಾತು. ಧೈರ್ಯಕ್ಕೆ ದೊಡ್ಡ ನಮಸ್ಕಾರ. ಆದರೆ ಅದು ಬೇರೆ ಕಲೆ.

ಹಾಡುಗಳ ನಡುವೆ ಎರಡು ಮಾತು ಆಡಬೇಕಾಗುತ್ತದೆ. ಅದಕ್ಕಾಗಿ ನಿಷೇಧದ ಕಥೆ ಓದಿಕೊಂಡೆ. ಸರ್ಕಾರ ಕೂತು ಹಾಡು ಸೋಸುವ ವ್ಯವಸ್ಥೆ ಅಲ್ಲಿ ಇರಲಿಲ್ಲ. ಪ್ರಸಾರದ ಕಾನೂನೇ ಅದಕ್ಕೆ ಅಡ್ಡ ಇತ್ತು. ಆದರೆ ಅಶ್ಲೀಲ ಪ್ರಸಾರ ಅಪರಾಧ, ಲೈಸೆನ್ಸ್ ಮುಂದುವರಿಸುವುದು ಸರ್ಕಾರದ ಕೈಯಲ್ಲಿ. ಹಾಗಾಗಿ ಕತ್ತರಿ ಆಡಿಸಿದವರು ಸ್ಟೇಷನ್‌ನವರೇ. ಮೆಂಫಿಸ್‌ನ ಡಬ್ಲ್ಯುಡಿಐಎ ಕರಿಯ ಕೇಳುಗರಿಗಾಗಿಯೇ ನಡೆಯುತ್ತಿದ್ದ ಸ್ಟೇಷನ್, ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ಅಲ್ಲಿ ಡಿಜೆ ಆಗಿದ್ದವರು. 1954ರಲ್ಲಿ ಆ ಸ್ಟೇಷನ್‌ನವರೇ ಡಬಲ್ ಮೀನಿಂಗ್ ಹಾಡು ಹಾಕುವುದಿಲ್ಲ ಅಂದರು. ಹಾಗಾಗಿ ಇದನ್ನು ಬರೀ ಬಿಳಿಯರ ಹೊಟ್ಟೆಕಿಚ್ಚು ಅಂದು ಮುಗಿಸೋಕೆ ಆಗಲ್ಲ. ಚರ್ಚಿಗೆ ಹೋಗುವ ಕರಿಯ ಕುಟುಂಬಗಳಿಗೂ ಈ ಹಾಡುಗಳು ಮುಜುಗರವೇ. ಅದರಲ್ಲೂ ಒಂದು ತಮಾಷೆ ಇದೆ. 1928ರಲ್ಲಿ ಟ್ಯಾಂಪಾ ರೆಡ್ ಜೊತೆ ‘ಇಟ್ಸ್ ಟೈಟ್ ಲೈಕ್ ದಟ್’ ಹಾಡಿ ಹೆಸರು ಮಾಡಿದ ಜಾರ್ಜಿಯಾ ಟಾಮ್ ಮುಂದೆ ಥಾಮಸ್ ಎ. ಡಾರ್ಸಿ ಆಗಿ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿ ಸಂಗೀತದ ಪಿತಾಮಹ ಅನ್ನಿಸಿಕೊಂಡರು. ಇಬ್ಬರೂ ಒಬ್ಬರೇ!

1955ರ ಫೆಬ್ರವರಿಯಲ್ಲಿ ಅಮೆರಿಕದ ಮನರಂಜನಾ ಉದ್ಯಮದ ‘ವೆರೈಟಿ’ ಪತ್ರಿಕೆ ಸಂಗೀತ ಉದ್ಯಮಕ್ಕೆ ಖಾರವಾದ ಎಚ್ಚರಿಕೆ ಬರೆಯಿತು. ಅದರ ವಾದ ಗಮನಿಸಬೇಕು. ಇಂಥ ಹಾಡು ಮೊದಲೂ ಇದ್ದವು, ಆದರೆ ಅವು ಇರಬೇಕಾದ ಜಾಗದಲ್ಲಿದ್ದವು. ಈಗ ಹದಿಹರೆಯದ ಮಕ್ಕಳ ಕಿವಿಗೂ ಬೀಳುತ್ತಿವೆ ಅಂತ ಅದರ ಗೋಳು. ಅಂದರೆ ಹಾಡು ಅದೇ, ಬದಲಾಗಿದ್ದು ಕೇಳುವವರು. ಬಿಳಿಯರ ಮಕ್ಕಳು ರೇಡಿಯೋ ತಿರುಗಿಸಿ ಈ ಹಾಡುಗಳನ್ನು ಹುಡುಕತೊಡಗಿದ ಮೇಲೆ ಗದ್ದಲ ಜೋರಾಯಿತು. ಹ್ಯೂಸ್ಟನ್‌ನಲ್ಲಿ ಬಾಲಾಪರಾಧ ತಡೆಯುವ ಸಮಿತಿಯೊಂದು ಬೇಡದ ಹಾಡುಗಳ ಪಟ್ಟಿ ಮಾಡಿ ಸ್ಟೇಷನ್‌ಗಳಿಗೆ ಕೊಟ್ಟಿತು. ಪಟ್ಟಿಯಲ್ಲಿದ್ದವರು ಬಹುಪಾಲು ಕರಿಯ ಹಾಡುಗಾರರು.

ನಮಗೂ ಒಂದು ಕಡೆ ಹೀಗೆ ಆಗಿದೆ. ಮ್ಯಾನೇಜರ್ ಮೆಲ್ಲಗೆ ಬಂದು, “ಸರ್, ಇವತ್ತು ಫ್ಯಾಮಿಲಿ ಕ್ರೌಡ್ ಇದೆ. ಮೇಡಮ್ಮು ಆ ಹಲ್ಲಿನ ಡಾಕ್ಟರ್ ಹಾಡು ಹಾಡೋದು ಬೇಡ” ಅಂದರು. ನಾನು ಆಗಷ್ಟೇ ಒಂದು ಗಂಟೆಯ ಲೆಕ್ಕವನ್ನು ಪೂರ್ತಿ ಹಾಡಿ ಮುಗಿಸಿದ್ದೆ. ಅದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಗಂಡಸು ಬಡಾಯಿ ಕೊಚ್ಚಿದರೆ ತಮಾಷೆ, ಹೆಂಗಸು ತನಗೆ ಬೇಕಾದ್ದು ಹೇಳಿದರೆ ಫ್ಯಾಮಿಲಿ ನೆನಪಾಗುತ್ತದೆ. ಅವತ್ತು ಅವಳು ಆ ಹಾಡು ಬಿಟ್ಟು ಟ್ರೊಂಬೋನ್ ಹಾಡು ಹಾಡಿದಳು. ಮ್ಯಾನೇಜರ್ ತಾಳ ಹಾಕುತ್ತಿದ್ದರು.

‘ತೊಳೆದ’, ಅಂದರೆ ಪೋಲಿತನ ತೆಗೆದ ಹಾಡುಗಳನ್ನೂ ಜೊತೆಗೇ ಹಾಡಿದರೆ ಕಥೆ ತಾನಾಗಿಯೇ ತಿಳಿಯುತ್ತದೆ. ಹ್ಯಾಂಕ್ ಬ್ಯಾಲರ್ಡ್ ಮತ್ತು ಮಿಡ್‌ನೈಟರ್ಸ್ 1954ರಲ್ಲಿ ‘ವರ್ಕ್ ವಿತ್ ಮಿ ಆನಿ’ ಹಾಡಿದರು. ಬೈದವರಿಗೆ ಲೆಕ್ಕವಿಲ್ಲ, ಆದರೂ ಮೊದಲ ಸ್ಥಾನ. ಕಾಸು ಹಾಕಿದರೆ ಹಾಡು ನುಡಿಸುವ ಜ್ಯೂಕ್‌ಬಾಕ್ಸ್ ಪೆಟ್ಟಿಗೆಗೆ ನಾಣ್ಯ ಹಾಕುವವರನ್ನು ತಡೆಯುವವರು ಯಾರು? ಅದೇ ವರ್ಷ ಆನಿಗೆ ಮಗುವಾದ ಹಾಡೂ ಬಂತು, ಅದೂ ಮೊದಲ ಸ್ಥಾನಕ್ಕೇ ಹೋಯಿತು. ‘ವರ್ಕ್ ವಿತ್ ಮಿ ಆನಿ’ಗೆ ಉತ್ತರವಾಗಿ ಎಟ್ಟಾ ಜೇಮ್ಸ್ ‘ರೋಲ್ ವಿತ್ ಮಿ ಹೆನ್ರಿ’ ಹಾಡಿದರು. ಅವರಿಗಿನ್ನೂ 16 ವರ್ಷ. ಆ ಹೆಸರು ಪೋಲಿ ಅಂತ ಪ್ಲೇಟಿನ ಮೇಲೆ ‘ದಿ ವಾಲ್‌ಫ್ಲವರ್’ ಆಯಿತು. ಬಿಳಿಯ ಗಾಯಕಿ ಜಾರ್ಜಿಯಾ ಗಿಬ್ಸ್ 1955ರಲ್ಲಿ ಅದನ್ನೇ ‘ಡ್ಯಾನ್ಸ್ ವಿತ್ ಮಿ ಹೆನ್ರಿ’ ಮಾಡಿ ದೊಡ್ಡ ಮಾರುಕಟ್ಟೆ ಹೊಡೆದರು.

ಬಿಗ್ ಜೋ ಟರ್ನರ್ ಅವರ ‘ಶೇಕ್, ರ‍್ಯಾಟಲ್ ಅಂಡ್ ರೋಲ್’ ಹಾಡನ್ನು ಬಿಲ್ ಹೇಲಿ ಅದೇ 1954ರಲ್ಲಿ ತೊಳೆದು ಹಾಡಿದರು. ಟರ್ನರ್ ಹೆಣ್ಣನ್ನು ಹಾಸಿಗೆಯಿಂದ ಏಳಿಸುತ್ತಾರೆ, ಹೇಲಿ ಸೀದಾ ಅಡುಗೆಮನೆಗೆ ಕಳಿಸುತ್ತಾರೆ. ಬಿಸಿಲಲ್ಲಿ ಒಳಗಿನದು ಕಾಣುವ ತೆಳು ಉಡುಪಿನ ಸಾಲು ಮಾಯ. ಆದರೆ ಮೀನಿನ ಅಂಗಡಿಗೆ ಇಣುಕುವ ಒಕ್ಕಣ್ಣಿನ ಬೆಕ್ಕು ಹಾಗೇ ಉಳಿದುಬಿಟ್ಟಿದೆ. ಇಡೀ ಹಾಡಿನಲ್ಲಿ ಅದಕ್ಕಿಂತ ಪೋಲಿ ಸಾಲು ಇನ್ನೊಂದಿಲ್ಲ! ನಾವು ಎರಡನ್ನೂ ಒಂದರ ಹಿಂದೆ ಒಂದು ಹಾಡುತ್ತೇವೆ, ಮೊದಲು ಹೇಲಿ, ಆಮೇಲೆ ಟರ್ನರ್. ಎರಡನೆಯದಕ್ಕೆ ವೇಗ ಸ್ವಲ್ಪ ಇಳಿಸಬೇಕು, ಅವರದು ಅವಸರವಿಲ್ಲದ ದೊಡ್ಡ ದನಿ. ಬೆಕ್ಕು ಎರಡನೇ ಸಲ ಬಂದಾಗ ಕೆಲವರಿಗೆ ಹೊಳೆಯುತ್ತದೆ.

ಸೆಟ್ ಮುಗಿಸುವುದು ‘ಟುಟ್ಟಿ ಫ್ರುಟ್ಟಿ’ಯಿಂದ. ಲಿಟಲ್ ರಿಚರ್ಡ್ ಕ್ಲಬ್ಬುಗಳಲ್ಲಿ ಹಾಡುತ್ತಿದ್ದ ಮೂಲ ಸಾಲುಗಳು ರೆಕಾರ್ಡ್ ಮಾಡುವ ಹಾಗಿರಲಿಲ್ಲ. 1955ರ ಸೆಪ್ಟೆಂಬರ್‌ನಲ್ಲಿ ನ್ಯೂ ಓರ್ಲಿಯನ್ಸ್‌ನ ಸ್ಟುಡಿಯೋದಲ್ಲಿ ಡೊರೊಥಿ ಲಬೋಸ್ಟ್ರಿ ಅನ್ನುವವರು ಬೇರೆ ಸಾಲು ಬರೆದುಕೊಟ್ಟರು. ನಾವೂ ಆ ತೊಳೆದ ಸಾಲುಗಳನ್ನೇ ಹಾಡುತ್ತೇವೆ. ಇಲ್ಲಿ ಮಾತಿಗೆ ಜಾಸ್ತಿ ಬೆಲೆಯಿಲ್ಲ, ಆರಂಭದ ಆ ಕೂಗೇ ಎಲ್ಲಾ ಹೇಳಿಬಿಡುತ್ತದೆ. ಮೂಲ ಹಾಡು ಎಫ್ ಶ್ರುತಿಯಲ್ಲಿದೆ. ನನ್ನ ಗಂಟಲಿಗೆ ಅದು ಆಗಲ್ಲ, ಡಿಗೆ ಇಳಿಸಿಕೊಂಡಿದ್ದೇವೆ. ದನಿ ಹಗುರ ಇರುವವರು ಎಫ್‌ನಲ್ಲೇ ಹಾಡಿ.